ಗಾಳಿಯಿಲ್ಲದೆಡೆಯ ಆಟ

ಟೆನ್ನಿಸು ಬಯಲಿನ ಆಟವೆಂದು ನಮ್ಮಲ್ಲಿ ಬಹುಜನರ ತಿಳಿವಳಿಕೆ. ಹಸುರು ಹುಲ್ಲು, ಬಿಳಿಯ ಉಡುಪು, ನೆತ್ತಿಯ ಮೇಲೆ ಬಿಸಿಲು, ಸುತ್ತಲೂ ಮರಗಳು, ಇವಿಲ್ಲದೆ ಟೆನ್ನಿಸನ್ನು ಕಲ್ಪಿಸಿಕೊಳ್ಳಲಾರದಷ್ಟು ಆ ಚಿತ್ರವು ಮನಸ್ಸಿನಲ್ಲಿ ಅಚ್ಚೊತ್ತಿಹೋಗಿರುವುದು. ಆದುದರಿಂದ ದೊಡ್ಡದೊಂದು ಕಟ್ಟಡದೊಳಗೆ ವಿದ್ಯುದ್ದೀಪಗಳನ್ನುರಿಸಿ, ಆಟವನ್ನೇ ಕಸುಬಾಗಿ ಮಾಡಿಕೊಂಡ ಗಂಡಸರು ಹಣದ ಬಹುಮಾನಕ್ಕಾಗಿ ಹೋರಾಡುವ ಪಂದ್ಯಗಳನ್ನು ಕಂಡಾಗ, ಇದೇನೋ ಕೃತಕವಾದ ಏರ್ಪಾಡೆಂದು ಕೆಲವರಿಗೆ ತೋರುವುದುಂಟು. ನಮ್ಮ ಬಿನ್ನಿಪೇಟೆಯ ಮಿತ್ರರೊಬ್ಬರು ಇದನ್ನು ಕುಂಡದಲ್ಲಿ ಬೆಳೆಸಿದ ಮಾವಿನ ಮರವೆಂದು ಕರೆದರು. ಮಾತು ಚಮತ್ಕಾರವಾಗಿದೆ, ಆದರೆ ವಿಚಾರಿಸಿ ನೋಡಿದರೆ ಸಂಗತಿಯು ಇದಕ್ಕೆ ವಿಪರೀತವಾಗಿರುವುದು ಕಂಡುಬರುತ್ತದೆ.

ಈ ಆಟವು ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ, ಗೋಡೆಗಳ ನಡುವೆ. ಅಲ್ಲಿಯ ಕ್ರೈಸ್ತ ಮಠಗಳ ಅಂಗಳವನ್ನು ಬಳಸಿದ್ದ ಮೊಗಸಾಲೆಗಳಲ್ಲಿ ಮೊದಲು ಆಡುತ್ತಿದ್ದರೆಂದೂ, ಅನಂತರ ರಾಜರೂ ಪ್ರಭುಗಳೂ ಇದಕ್ಕೆಂದೇ ಸೂರುಳ್ಳ ಶಾಲೆಗಳನ್ನು ಕಟ್ಟಿಸಿದರೆಂದೂ ಚರಿತ್ರಕಾರರು ಹೇಳುವರು. ಆದಿಯಲ್ಲಿ ರ‍್ಯಾಕೆಟ್ಟು ಇರಲಿಲ್ಲ, ಅಂಗೈಯೇ ಸಾಧನವಾಗಿದ್ದಿತು. ಆಟದ ಫ್ರೆಂಚ್ ಹೆಸರಾದ 'ಜೂ ದ ಪೋಮ್' ಎಂಬುದಕ್ಕೆ ಅಂಗೈಯಾಟವೆಂದೇ ಅರ್ಥ. 1789ನೆಯ ಇಸವಿ ಜೂನ್ 20ರಂದು ವರ್ಸೈ ಪಟ್ಟಣದಲ್ಲಿ ತಮ್ಮ ಸಭಾಭವನದ ಬಾಗಿಲು ಮುಚ್ಚಿದ್ದುದನ್ನು ಕಂಡ ಪ್ರಜಾಪ್ರತಿನಿಧಿಗಳು ಹತ್ತಿರದಲ್ಲಿದ್ದ ಇಂತಹದೇ ಆಟದ ಶಾಲೆಯೊಂದನ್ನು ಹೊಕ್ಕು, ದೇಶಕ್ಕೊಂದು ಸಂವಿಧಾನವಾಗುವ ತನಕ ಚದುರುವುದಿಲ್ಲವೆಂದು ಪ್ರತಿಜ್ಞೆಮಾಡಿದರಷ್ಟೆ. ಫ್ರಾನ್ಸಿನ ಮಹಾಕ್ರಾಂತಿಯ ಮೊದಲ ಅಂಕಗಳಲ್ಲೊಂದು ಟೆನ್ನಿಸಿನ ಸೂರಿನ ಕೆಳಗೆ ನಡೆಯಿತೆಂಬುದನ್ನು ನಮ್ಮ ಮಿತ್ರರಿಗೆ ತಿಳಿಸಿದಾಗ ಅವರು ತಮ್ಮ ಮಾವಿನ ಮರವನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ.

ಆಟವನ್ನು ಬಯಲಿಗೆ ತಂದವರು ಆಂಗ್ಲರು. ಬಟ್ಟೆ ಉಣ್ಣೆಗಳನ್ನು ಬಿಗಿಯಾಗಿ ತುರುಕಿದ ಹಿಂದಿನ ಚೆಂಡು ಹುಲ್ಲಿನ ಮೇಲೆ ಸರಿಯಾಗಿ ಪುಟಿಯುತ್ತಿರಲಿಲ್ಲ. ರಬ್ಬರನ್ನು ಹದಮಾಡುವ ವಿದ್ಯೆ ಬಂದ ಮೇಲೆ ಪುಟಿಯುವ ಚೆಂಡು ದೊರೆಯಿತು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಎಂಬಾತನು ಹುಲ್ಲುಹಾಸಿನ ಮೇಲೆ ಆಡುವ ವಿಧಾನಕ್ಕೆ ಸರ್ಕಾರದಿಂದ ಹಕ್ಕುಪತ್ರವನ್ನು ಪಡೆದನು. 1877ರಲ್ಲಿ ವಿಂಬಲ್ಡನ್ನಿನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಹೀಗೆ ಬಯಲಿನ ಟೆನ್ನಿಸಿಗೆ ಇನ್ನೂ ನೂರೈವತ್ತು ವರುಷಗಳ ವಯಸ್ಸು. ಸೂರಿನ ಟೆನ್ನಿಸಿಗೆ ಹಲವು ಶತಮಾನಗಳ ವಯಸ್ಸು. ಚೆಂಡಾಟವು ನಮ್ಮ ದೇಶಕ್ಕೂ ಹೊಸದಲ್ಲ. ದಂಡಿಯ ದಶಕುಮಾರಚರಿತದಲ್ಲಿ ಬರುವ ರಾಜಪುತ್ರಿಯೊಬ್ಬಳ ಹೆಸರೇ ಕಂದುಕಾವತಿ. ಅವಳು ದೇವಿಯ ಸೇವೆಗಾಗಿ ಜನಸಮಕ್ಷದಲ್ಲಿ ಚೆಂಡಾಡುವಳು. ಅವಳಿಗೆ ಎದುರಾಳಿಯಿಲ್ಲ, ಬಲೆಯಿಲ್ಲ, ಬಹುಮಾನದ ಹಣದ ಗೊಡವೆಯೂ ಇಲ್ಲ. ಇರಲಿ, ಪ್ರಕೃತಕ್ಕೆ ಬರೋಣ.

ಯೂರೋಪಿನಲ್ಲಿ ಸೆಪ್ಟೆಂಬರ್ ಕಳೆದರೆ ಚಳಿ ಮಳೆಗಳು ಆರಂಭವಾಗಿ ಬಯಲಿನಲ್ಲಿ ನಿಲ್ಲುವುದು ದುಸ್ಸಾಧ್ಯ. ಆಗ ಕಸುಬಿನ ಆಟಗಾರರ ಸಂಚಾರವು ಮಾಡಿನ ಕೆಳಗೆ ಸರಿಯುವುದು. ವಿಯೆನ್ನಾ, ಬಾಸೆಲ್ ಪಟ್ಟಣಗಳನ್ನು ಹಾಯ್ದು ಅಕ್ಟೋಬರಿನ ಕೊನೆಗೆ ಅವರು ಪ್ಯಾರಿಸ್ಸನ್ನು ಸೇರುವರು. ಪ್ಯಾರಿಸ್ಸಿನ ಈ ಪಂದ್ಯಾವಳಿಯು 1986ರಿಂದ ಬರ್ಸಿ ಎಂಬಲ್ಲಿಯ ಭವನದಲ್ಲಿ ನಡೆಯುತ್ತಿದ್ದು, 2025ರಲ್ಲಿ ಊರ ಪಶ್ಚಿಮಕ್ಕಿರುವ ಲಾ ದೇಫಾನ್ಸ್ ಎಂಬ ಇನ್ನೂ ವಿಶಾಲವಾದ ಸ್ಥಳಕ್ಕೆ ವರ್ಗವಾಯಿತು. 2024ರ ಒಲಿಂಪಿಕ್ ಕ್ರೀಡೆಗಳಲ್ಲಿ ಈಜಿನ ಸ್ಪರ್ಧೆಗಳಿಗಾಗಿ ಕೊಳವನ್ನು ನಿರ್ಮಿಸಿದ್ದುದು ಈ ಭವನದಲ್ಲಿಯೇ. ಮರುವರ್ಷ ಅಲ್ಲಿ ಟೆನ್ನಿಸ್ ಅಂಕಣಗಳು ಎದ್ದುವು. ಬರ್ಸಿಯಲ್ಲಿ 2006ರವರೆಗೂ ನೆಲಕ್ಕೆ ಜಮಖಾನದಂತಹ ಹಾಸನ್ನು ಹಾಸಿ ಆಡುತ್ತಿದ್ದರು. ಅದರ ಮೇಲೆ ಚೆಂಡು ಜಾರಿಹೋಗುವ ವೇಗಕ್ಕೆ ಕಣ್ಣು ಸೋಲುವುದೆಂದು ಆಡಿದವರು ಹೇಳುವರು. ಆಮೇಲೆ ಗಟ್ಟಿಯ ನೆಲ ಬಂದಿತು. ಈಗ ದೊಡ್ಡ ಪಂದ್ಯಗಳಲ್ಲಿ ಎಲ್ಲಿಯೂ ಹಾಸಿಲ್ಲ.

ಸೂರಿನಿಂದ ಆಟಕ್ಕೆ ಏನಾಗುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೆನ್ನಿಸಿನಲ್ಲಿ ಆಟಗಾರನು ಪೂರ್ಣವಾಗಿ ತನ್ನ ಸ್ವಾಧೀನದಲ್ಲಿಟ್ಟುಕೊಳ್ಳಬಹುದಾದ ಹೊಡೆತವು ಒಂದೇ, ಸರ್ವಿಸು. ತನ್ನ ಕೈಯಿಂದಲೇ ಚೆಂಡನ್ನು ಮೇಲಕ್ಕೆ ಚಿಮ್ಮಿ ತಾನೇ ಹೊಡೆಯುವನು. ಬಯಲಿನಲ್ಲಾದರೆ ಚಿಮ್ಮಿದ ಚೆಂಡನ್ನು ಗಾಳಿಯು ಗೇಣಿನಷ್ಟು ಸರಿಸಿಬಿಡಬಹುದು, ಸೂರ್ಯನು ಕಣ್ಣಿಗೆ ಹೊಡೆಯಬಹುದು. ಒಳಗೆ ಇವೆರಡೂ ಇಲ್ಲ. ಕೈ ಎಲ್ಲಿ ಬಿಟ್ಟಿತೋ ಚೆಂಡು ಅಲ್ಲಿಯೇ ಇರುವುದು. ಬಲವಾದ ಸರ್ವಿಸುಳ್ಳವನಿಗೆ ಇದು ದೊಡ್ಡ ಲಾಭ. ಎದುರಾಳಿಗೂ ಚೆಂಡು ಸುಳ್ಳುಹೇಳುವುದಿಲ್ಲ; ಅದು ಹೊರಟ ದಾರಿಯಲ್ಲಿಯೇ ಬರುವುದಾದುದರಿಂದ ಮುಂದೊತ್ತಿ ಬಂದು ಎತ್ತುಗಡೆಯಲ್ಲಿಯೇ ಹೊಡೆಯಲು ಅವನು ಧೈರ್ಯಮಾಡಬಹುದು. ಹೀಗಾಗಿ ಪ್ರತಿಯೊಂದು ಅಂಕವೂ ಚುಟುಕಾಗಿ, ಬಿರುಸಾಗಿ ಮುಗಿಯುವುದು.

ಇನ್ನೊಂದು ವಿಶೇಷವು ಸದ್ದು. ಬಯಲಿನಲ್ಲಿ ಚೆಂಡಿನ ಸದ್ದು ಗಾಳಿಗೆ ಹರಿದುಹೋಗುವುದು. ಸೂರಿನ ಕೆಳಗೆ ಗೋಡೆಗಳಿಗೆ ತಾಕಿ ಹಿಂದಿರುಗುವುದು. ಇದರ ಮಹತ್ವವನ್ನು ನಮಗೆ ತಿಳಿಸಿಕೊಟ್ಟವರು ಟೆನ್ನಿಸ್ ಪಂಡಿತರಲ್ಲ. ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು. ಈಗ ಎತ್ತರದ ವಸತಿಗೃಹಗಳೂ ಮಾಲ್ ಎಂಬ ಅಂಗಡಿಗಳ ಕೋಟೆಯೂ ನಿಂತಿರುವ ಬಿನ್ನಿ ಮಿಲ್ಲಿನ ನೆಲದಲ್ಲಿ ಅವರು ಮೂವತ್ತು ವರುಷಗಳ ಕಾಲ ಮಗ್ಗದ ಮುಂದೆ ನಿಂತವರು. ಹತ್ತಿಯ ನೂಲು ಒಣಗಿದರೆ ಕಡಿಯುವುದಾದುದರಿಂದ ನೆಯ್ಗೆಯ ಶಾಲೆಯಲ್ಲಿ ಹೊರಗಿನ ಗಾಳಿಯನ್ನು ತಡೆದು ಒಳಗಿನ ಹವೆಯನ್ನು ತೇವವಾಗಿಡುವುದು ಪದ್ಧತಿ. ಅಂತಹ ಮುಚ್ಚಿದ ಸೂರಿನ ಕೆಳಗೆ ನೂರಾರು ಮಗ್ಗಗಳ ಲಾಳಿಗಳು ಒಟ್ಟಿಗೆ ಬಡಿಯುವಾಗ, ಯಾವ ಮಗ್ಗದ ಬಡಿತ ತಪ್ಪಿತೆಂಬುದನ್ನು ಅವರು ತಲೆಯೆತ್ತದೆ ಹೇಳಬಲ್ಲವರಾಗಿದ್ದರಂತೆ. ಈ ಯಜಮಾನರು ಮೊಮ್ಮಗನ ಜೊತೆಯಲ್ಲಿ ಕುಳಿತು ಪ್ಯಾರಿಸ್ಸಿನ ಪಂದ್ಯವನ್ನು ನೋಡುತ್ತಿದ್ದಾಗ ಕಣ್ಣು ಮುಚ್ಚಿಕೊಂಡಿದ್ದರು. ನಿದ್ರೆ ಬಂದಿತೆಂದು ನಾವು ತಿಳಿದೆವು. ಅವರು, "ಈಗ ಹೊಡೆದದ್ದು ನಡುವಿಗೆ ಬಿತ್ತು ಮೇಷ್ಟ್ರೇ, ಅದರ ಹಿಂದಿನದು ಅಂಚಿಗೆ ತಾಕ್ತು. ನಿಮಗೆ ಕೇಳಿಸಲಿಲ್ಲವೆ?" ಎಂದರು. ನಮಗೆ ಎರಡೂ ಒಂದೇ ಆಗಿ ಕೇಳಿಸಿದ್ದುವು. ಮೊಮ್ಮಗನು ಮಾತ್ರ, "ತಾತ ಹೇಳಿದ್ದು ಸರಿ ಸಾರ್" ಎಂದನು.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಚಿತ್ತಕ್ಕೆ ಗಾಳಿಯಿಲ್ಲದ ಎಡೆಯಲ್ಲಿಟ್ಟ ದೀಪವನ್ನು ಹೋಲಿಸಿರುವುದು ಸರ್ವವಿದಿತವಾಗಿದೆ. ಅಲುಗದ ಜ್ವಾಲೆಯೆಂದರೆ ಶಾಂತಿ, ಸುಖ ಎಂದೇ ನಾವು ಅನೇಕರು ಅರ್ಥಮಾಡಿಕೊಳ್ಳುವೆವು. ಈ ಪಂದ್ಯಗಳನ್ನು ನೋಡಿದಾಗ ನಮಗೆ ಬೇರೊಂದು ಯೋಚನೆ ಹುಟ್ಟಿತು. ಗಾಳಿಯಿಲ್ಲದೆಡೆಯಲ್ಲಿಯೂ ದೀಪವು ಅಲುಗಿದರೆ ಅದು ಯಾರ ಮೇಲೆ ದೂರುಹೇಳೀತು? ಬಯಲಿನಲ್ಲಿ ಸೋತವನು ಗಾಳಿಯನ್ನು ಬೈಯಬಹುದು, ಬಿಸಿಲನ್ನು ಬೈಯಬಹುದು, ಹುಲ್ಲಿನ ಉಬ್ಬುತಗ್ಗನ್ನು ಬೈಯಬಹುದು. ಸೂರಿನ ಕೆಳಗೆ ಸೋತವನಿಗೆ ಉಳಿಯುವುದು ತನ್ನ ತೋಳು, ತನ್ನ ಮೊಣಕಾಲು ಮತ್ತು ತನ್ನ ಬುದ್ಧಿ ಮಾತ್ರ.

ನಮ್ಮ ಬೆಂಗಳೂರಿನಲ್ಲಿ ಗಂಡಸರ ಅಂತರರಾಷ್ಟ್ರೀಯ ಟೆನ್ನಿಸು ಕಬ್ಬನ್ ಉದ್ಯಾನದ ಅಂಕಣಗಳಲ್ಲಿ ಬಯಲಿನಲ್ಲಿಯೇ ನಡೆದುಬಂದಿದೆ. ಹವೆಯು ಹಿತವಾಗಿರುವ ಊರಿನವರು ಸೂರಿನ ಚಿಂತೆಮಾಡುವುದಿಲ್ಲ. ಸೂರುಳ್ಳ ಕಂಠೀರವ ಕ್ರೀಡಾಂಗಣದಲ್ಲಿ ಕಬಡ್ಡಿಯ ಗರ್ಜನೆಯನ್ನು ಕೇಳಿದ್ದೇವೆ. ದೊಡ್ಡ ಟೆನ್ನಿಸಿಗೆ ಮಾತ್ರ ಮರಗಳ ನಡುವಣ ಬಯಲು. ಆದರೆ ಈ ಹಿತವಾದ ಹವೆಯು ಒಮ್ಮೊಮ್ಮೆ ಕೈಕೊಡುವುದುಂಟು. 2014ರ ಸೆಪ್ಟೆಂಬರಿನಲ್ಲಿ ಡೇವಿಸ್ ಕಪ್ಪಿಗಾಗಿ ಸೆರ್ಬಿಯ ದೇಶದವರು ಇಲ್ಲಿಗೆ ಬಂದರು. ಮೊದಲ ದಿನ ನಮ್ಮವರು ಎರಡು ಪಂದ್ಯಗಳನ್ನೂ ಸೋತರು. ಎರಡನೆಯ ದಿನ ಲಿಯಾಂಡರ್ ಪೇಸರೂ ರೋಹನ್ ಬೋಪಣ್ಣನವರೂ ಜೋಡಿಯಾಟದಲ್ಲಿ ಮೊದಲ ಎರಡು ಸೆಟ್ಟುಗಳನ್ನು ಕಳೆದುಕೊಂಡೂ ಐದು ಸೆಟ್ಟುಗಳಲ್ಲಿ ಗೆದ್ದರು. ಮೂರನೆಯ ದಿನ ಸೋಮದೇವ್ ದೇವವರ್ಮನ್ ಗೆದ್ದು ಲೆಕ್ಕವನ್ನು ಎರಡಕ್ಕೆರಡು ಮಾಡಿದರು. ಜಯಾಪಜಯಗಳನ್ನು ನಿರ್ಣಯಿಸುವ ಐದನೆಯ ಪಂದ್ಯವು ನಡೆಯುತ್ತಿದ್ದಾಗ ಮಳೆ ಬಂದು ಆಟವು ಸೋಮವಾರಕ್ಕೆ ಹೋಯಿತು. ಸೋಮವಾರ ನಮ್ಮವರು ಸೋತರು. ಸೂರಿದ್ದಿದ್ದರೆ ಗೆಲ್ಲುತ್ತಿದ್ದೆವೆಂದು ನಾವು ಹೇಳಲಾರೆವು. ಸೋಲಲು ಒಂದು ರಾತ್ರಿ ಕಾಯಬೇಕಾಗುತ್ತಿರಲಿಲ್ಲವೆಂದು ಮಾತ್ರ ಹೇಳಬಹುದು.

ಈ ಬೋಪಣ್ಣನವರ ವೃತ್ತಾಂತವೇ ನಮ್ಮ ಲೇಖನಕ್ಕೆ ಮುಖ್ಯವಾದುದು. 1980ರಲ್ಲಿ ಹುಟ್ಟಿ, ಕೊಡಗಿನಲ್ಲಿ ಬೆಳೆದವರು. ತಂದೆಯವರು ಕಾಫಿ ಬೆಳೆಗಾರರು. ಕೊಡಗಿನ ಮಳೆಯನ್ನು ಕಂಡವರಿಗೆ, ಬಯಲಿನ ಆಟವೊಂದನ್ನು ಕಲಿಯಲು ಅದಕ್ಕಿಂತ ಒಲ್ಲದ ಸೀಮೆಯು ಇನ್ನೊಂದಿಲ್ಲವೆಂದು ತೋರೀತು. ಸರ್ವಿಸಿಗೆ ಬಲಬರಲೆಂದು ಸೌದೆ ಒಡೆಯುತ್ತಿದ್ದುದನ್ನೂ ಕಾಫಿ ತೋಟಗಳ ನಡುವೆ ಓಡುತ್ತಿದ್ದುದನ್ನೂ ಅವರೇ ಹೇಳಿಕೊಂಡಿದ್ದಾರೆ. ಹನ್ನೊಂದರ ವಯಸ್ಸಿಗೆ ಆಟಕ್ಕೆ ತೊಡಗಿ, 2003ರಲ್ಲಿ ಅದನ್ನು ಕಸುಬಾಗಿ ಹಿಡಿದರು. ಕೊಡಲಿಯಿಂದ ಗಳಿಸಿದ ಆ ಸರ್ವಿಸಿಗೆ ತಕ್ಕ ನೆಲೆಯು ಎಲ್ಲಿ ದೊರೆಯಿತೆಂದರೆ, ಗಾಳಿ ಮಳೆಗಳ ಸೋಂಕಿಲ್ಲದ ಪ್ಯಾರಿಸ್ಸಿನ ಭವನದಲ್ಲಿ.

2011ರಲ್ಲಿ ಪಾಕಿಸ್ತಾನದ ಐಸಾಂ ಉಲ್ ಹಕ್ ಖುರೇಷಿಯವರೊಡನೆ ಅವರು ಬರ್ಸಿಯ ಜೋಡಿಯಾಟವನ್ನು ಗೆದ್ದರು. ಮರುವರ್ಷ ಮಹೇಶ್ ಭೂಪತಿಯವರೊಡನೆ ಕೂಡಿ ಅದೇ ಭವನದಲ್ಲಿ ಮತ್ತೆ ಗೆದ್ದಾಗ ಕೊನೆಯ ಪಂದ್ಯದಲ್ಲಿ ಎದುರಿಗಿದ್ದವರು ಹಿಂದಿನ ವರ್ಷದ ಜೊತೆಗಾರರಾದ ಖುರೇಷಿಯವರೇ, ಇನ್ನೊಬ್ಬ ಜೊತೆಗಾರರೊಡನೆ. ಕಸುಬಿನ ಜೋಡಿಯಾಟದ ಧರ್ಮವು ಹೀಗೆ ವಿಚಿತ್ರವಾದುದು. ಅದರಲ್ಲಿ ಸ್ನೇಹವೂ ಉಂಟು, ಒಪ್ಪಂದವೂ ಉಂಟು. ವರುಷ ತಿರುಗಿದರೆ ಸಂಸಾರವೇ ಬದಲಾಗುವುದು. ಗೃಹಸ್ಥರಾದ ನಮಗೆ ಇದು ಒಗ್ಗುವುದು ಕಷ್ಟ. 2012ರಲ್ಲಿಯೂ 2015ರಲ್ಲಿಯೂ ವರ್ಷಾಂತ್ಯದಲ್ಲಿ ಲಂಡನ್ನಿನ ಸೂರಿನ ಕೆಳಗೆ ನಡೆದ ಪಂದ್ಯಾವಳಿಯಲ್ಲಿ ಬೋಪಣ್ಣನವರು ಕೊನೆಯ ಸುತ್ತಿನವರೆಗೆ ಹೋಗಿ ಸೋತರು.

ಅನಂತರ ಮೊಣಕಾಲುಗಳು ಸವೆದುವು. ನಲವತ್ತರ ಅಂಚಿನಲ್ಲಿ ಆಟವನ್ನು ಬಿಟ್ಟುಬಿಡುವ ಯೋಚನೆಯೂ ಬಂದಿದ್ದಿತಂತೆ. ಆಗ ತಮ್ಮನ್ನು ಮತ್ತೆ ನಿಲ್ಲಿಸಿದುದು ಅಯ್ಯಂಗಾರ್ ಯೋಗವೆಂದು ಅವರು ಹಲವು ಸಲ ಹೇಳಿದ್ದಾರೆ. ಆ ಪದ್ಧತಿಗೆ ಹೆಸರುಕೊಟ್ಟ ಬಿ. ಕೆ. ಎಸ್. ಅಯ್ಯಂಗಾರ್ಯರು 1918ರಲ್ಲಿ ಕೋಲಾರದ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬೇಕು. 2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ನರೊಡನೆ ಬೋಪಣ್ಣನವರು ಮರಳಿ ಬರ್ಸಿಯ ಕೊನೆಯ ಪಂದ್ಯವನ್ನು ಮುಟ್ಟಿದರು, ಗೆಲ್ಲಲಿಲ್ಲ. ಎರಡು ತಿಂಗಳುಗಳ ಮೇಲೆ, 2024ರ ಜನವರಿಯಲ್ಲಿ, ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಮಹಾಪಂದ್ಯವನ್ನು ಗೆದ್ದು, ಜೋಡಿಯಾಟದಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. ಆಗ ವಯಸ್ಸು 43. ಆ ಸ್ಥಾನಕ್ಕೆ ಮೊದಲ ಬಾರಿ ಏರಿದವರಲ್ಲಿ ಅಷ್ಟು ಹಿರಿಯರು ಅದುವರೆಗೆ ಯಾರೂ ಇರಲಿಲ್ಲ.

ಯಜಮಾನರು ಕಣ್ಣು ಮುಚ್ಚಿ ಕೇಳಿದರೆಂದು ಹೇಳಿದೆವಲ್ಲ, ಆ ಪಂದ್ಯವು 2025ರ ಅಕ್ಟೋಬರಿನದು. ಬೋಪಣ್ಣನವರು ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಎಂಬವರೊಡನೆ ಪ್ಯಾರಿಸ್ಸಿನ ಮೊದಲ ಸುತ್ತಿನಲ್ಲಿ ಆಡಿದರು. ಹುಡುಗನು ಅದನ್ನು ತನ್ನ ತಂದೆಯ ಮೊಬೈಲಿನಲ್ಲಿ ನಮಗೆ ತೋರಿಸಿದನು. ಇತ್ತಂಡಗಳೂ ಒಂದೊಂದು ಸೆಟ್ಟನ್ನು ಗೆದ್ದುವು. ಇಂತಹ ಜೋಡಿಯಾಟಗಳಲ್ಲಿ ಮೂರನೆಯ ಸೆಟ್ಟನ್ನು ಪೂರ್ತಿ ಆಡಿಸುವುದಿಲ್ಲ. ಹತ್ತು ಅಂಕಗಳನ್ನು ಮೊದಲು ಮುಟ್ಟಿದವರು, ಎರಡರ ಅಂತರವಿದ್ದರೆ, ಗೆದ್ದಂತೆ. ಹತ್ತಕ್ಕೆ ಎಂಟರಿಂದ ಬೋಪಣ್ಣನವರ ಕಡೆಯವರು ಸೋತರು. ಅವರು ಬಲೆಯ ಬಳಿಗೆ ಬಂದು ನಾಲ್ವರ ಕೈಗಳನ್ನೂ ಕುಲುಕಿ ಹೊರಟುಹೋದರು. ಅದು ಅವರ ಕೊನೆಯ ಪಂದ್ಯವೆಂಬುದು ನಮಗೆ ತಿಳಿಯದು. ನವೆಂಬರ್ 1ರಂದು ಅವರು ಆಟದಿಂದ ನಿವೃತ್ತರಾದುದಾಗಿ ಪ್ರಕಟಿಸಿದರು. ಅರುವತ್ತಕ್ಕೆ ನಿವೃತ್ತಿ ಹೊಂದುವ ನಮ್ಮಂತಹ ಉಪಾಧ್ಯಾಯರಿಗೆ ಅದರ ದಿನಾಂಕವು ಕೆಲಸಕ್ಕೆ ಸೇರಿದಂದೇ ಗೊತ್ತಿರುವುದು. ಹಾರ, ಫಲತಾಂಬೂಲ, ನಾಲ್ಕು ಭಾಷಣಗಳು ಕಾದಿರುವುವು. ಆಟಗಾರನಿಗೆ ಹಾಗಲ್ಲ. ಅವನು ತಾನೇ ಗೊತ್ತುಮಾಡಿಕೊಳ್ಳಬೇಕು. ಒಮ್ಮೊಮ್ಮೆ ಮಾಡಿಯಾದ ಮೇಲೆಯೇ ಊರಿಗೆ ತಿಳಿಯುವುದು.

ಆ ಸಂಜೆ ಯಜಮಾನರು ನಮ್ಮನ್ನು ಕರೆದುದು ಕೇವಲ ಆಟವನ್ನು ನೋಡುವುದಕ್ಕಾಗಿರಲಿಲ್ಲ. ಮೊಮ್ಮಗನಿಗೆ ಹದಿಮೂರು ವರುಷ, ಎಂಟನೆಯ ತರಗತಿ. ಐದು ವರುಷಗಳಿಂದ ಟೆನ್ನಿಸು ಕಲಿಯುತ್ತಿದ್ದಾನೆ. ಚೆನ್ನಾಗಿ ಆಡುವನೆಂದು ಬಲ್ಲವರು ಹೇಳುತ್ತಾರೆ. ಇನ್ನು ಮುಂದೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಅಭ್ಯಾಸಮಾಡಬೇಕು, ಶಾಲೆಯನ್ನು ಬಿಡಿಸಿ ಮುಕ್ತಶಾಲೆಯ ಮೂಲಕ ಪರೀಕ್ಷೆಗೆ ಕೂಡಿಸಿರಿ, ವರ್ಷಕ್ಕೆ ಇಷ್ಟು ಊರುಗಳ ಪಂದ್ಯಗಳಿಗೆ ಕರೆದೊಯ್ಯಿರಿ ಎಂದು ಅವನಿಗೆ ಕಲಿಸುವವರು ಹೇಳಿದ್ದಾರೆ. ಅದಕ್ಕೆ ತಗಲುವ ಹಣದ ಅಂದಾಜನ್ನು ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಹುಡುಗನ ತಂದೆಯು ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆ ಕಾಗದದ ಮೊತ್ತವು ಅವನ ವರ್ಷದ ಸಂಬಳಕ್ಕೆ ಹತ್ತಿರ ಹತ್ತಿರ ಬರುತ್ತಿದ್ದಿತು. ಮನ�ೆಯಲ್ಲಿ ಇರುವ ಆಸ್ತಿಯೆಂದರೆ, ಮಿಲ್ಲಿನ ಲೆಕ್ಕ ತೀರಿದಾಗ ಬಂದ ಹಣದಿಂದ ಯಜಮಾನರು ಕೆಂಗೇರಿಯಾಚೆ ಕೊಂಡಿಟ್ಟ ಮೂವತ್ತಕ್ಕೆ ನಲವತ್ತಡಿಯ ನಿವೇಶನ. ಅದನ್ನು ಮಾರಬೇಕೆಂದು ಯಜಮಾನರ ಇಚ್ಛೆ. ಕೂಡದೆಂದು ಮಗನ ಹಟ. "ಮಿಲ್ಲು ಹೋಯ್ತು, ಅದು ಸೈಟಾಯ್ತು. ಸೈಟು ಹೋಗಲಿ, ಹುಡುಗ ಆಗಲಿ. ನೀವೇನು ಹೇಳ್ತೀರಿ ಮೇಷ್ಟ್ರೇ?" ಎಂದು ಅವರು ಕೇಳಿದರು. ಮಗನು ಗೋಡೆಯ ಕಡೆಗೆ ತಿರುಗಿ ಕುಳಿತಿದ್ದನು.

ಮೂವತ್ತು ವರುಷಗಳ ಕಾಲ ಪಾಠಹೇಳಿದವನನ್ನು ಇಂತಹ ಪ್ರಶ್ನೆ ಕೇಳಿದರೆ, ಶಾಲೆಯನ್ನು ಬಿಡಿಸಬೇಡಿರೆಂದು ಹೇಳುವನೆಂಬುದು ಎಲ್ಲರಿಗೂ ಗೊತ್ತು. ಆದುದರಿಂದ ನಾವು ಬೇಗನೆ ಉತ್ತರ ಕೊಡಲಿಲ್ಲ. ಬೋಪಣ್ಣನವರ ಉದಾಹರಣೆಯು ಎರಡು ಕಡೆಗೂ ಎಳೆಯುತ್ತಿದ್ದಿತು. ಅವರ ಬಹು ದೊಡ್ಡ ಜಯವು ಬಂದುದು 43ರ ವಯಸ್ಸಿನಲ್ಲಿ. ಹದಿಮೂರಕ್ಕೇ ಎಲ್ಲವೂ ನಿರ್ಣಯವಾಗಿಬಿಡಬೇಕೆಂಬ ಆತುರಕ್ಕೆ ಅದು ಉತ್ತರ. ಅವರು ಬೆಂಗಳೂರಿನಲ್ಲಿ ಕಾಲೇಜಿನ ಮೆಟ್ಟಲನ್ನೂ ಹತ್ತಿದವರು. ಆದರೆ ಅವರ ಹಿಂದೆ ಒಂದು ಕಾಫಿ ತೋಟವಿದ್ದಿತು. ಇವರ ಹಿಂದೆ ಇರುವುದು ಒಂದು ನಿವೇಶನ. ಹೋಲಿಕೆಯನ್ನು ಕೊಡುವಾಗ ತೋಟವನ್ನು ಬಿಟ್ಟು ಸೌದೆಯನ್ನು ಮಾತ್ರ ಹೇಳುವುದು ಪ್ರಾಮಾಣಿಕತೆಯಲ್ಲ.

ಇನ್ನೊಬ್ಬರ ಉದಾಹರಣೆಯನ್ನು ನಾವು ಅವರಿಗೆ ಹೇಳಿದೆವು. 2017ರ ನವೆಂಬರಿನಲ್ಲಿ ನಮ್ಮ ಕಬ್ಬನ್ ಉದ್ಯಾನದಲ್ಲಿಯೇ ನಡೆದ ಬೆಂಗಳೂರು ಓಪನ್ ಪಂದ್ಯಾವಳಿಯನ್ನು ಸುಮಿತ್ ನಾಗಲ್ ಎಂಬ ತರುಣರು ಗೆದ್ದರು. ಆರು ವರುಷಗಳ ಮೇಲೆ, 2023ರಲ್ಲಿ, ಒಂಟಿಯಾಟದಲ್ಲಿ ಭಾರತಕ್ಕೆ ಮೊದಲಿಗರಾಗಿದ್ದಾಗ, ತಮ್ಮ ಬ್ಯಾಂಕಿನ ಲೆಕ್ಕದಲ್ಲಿ ಉಳಿದಿರುವುದು ಸುಮಾರು 900 ಯೂರೋಗಳು, ಎಂದರೆ ಎಂಬತ್ತು ಸಾವಿರ ರೂಪಾಯಿಗಳು, ಎಂದು ಅವರೇ ಪತ್ರಿಕೆಯವರಿಗೆ ಹೇಳಿದರು. ಈ ಕಸುಬಿನಲ್ಲಿ ತಿಂಗಳ ಸಂಬಳವಿಲ್ಲ. ವಿಮಾನದ ವೆಚ್ಚ, ವಸತಿಯ ವೆಚ್ಚ, ಗುರುವಿನ ಸಂಭಾವನೆ, ತಂತಿ ಬಿಗಿಸುವ ಖರ್ಚು ಎಲ್ಲವೂ ಆಟಗಾರನ ಜೇಬಿನಿಂದಲೇ ಹೋಗತಕ್ಕವು. ಗೆದ್ದರೆ ಹಣ, ಮೊದಲ ಸುತ್ತಿನಲ್ಲಿ ಸೋತರೆ ಅಲ್ಪಸ್ವಲ್ಪ ಕಾಣಿಕೆಯೊಡನೆ ಮುಂದಿನ ಊರಿಗೆ ಪ್ರಯಾಣ. ದೇಶಕ್ಕೆ ಮೊದಲಿಗನಾದವನ ಸ್ಥಿತಿಯೇ ಹೀಗಾದರೆ ಹತ್ತನೆಯವನ, ಐವತ್ತನೆಯವನ ಗತಿಯನ್ನು ಊಹಿಸಬಹುದು. ಇಷ್ಟು ಕೇಳಿ ಮಗನ ಮುಖವು ಗೋಡೆಯಿಂದ ಈಚೆಗೆ ತಿರುಗಿತು.

ಕತೆಯನ್ನು ಅಲ್ಲಿಗೆ ನಿಲ್ಲಿಸಿದರೆ ನಮ್ಮ ಪಕ್ಷಕ್ಕೆ ಅನುಕೂಲವಾಗುತ್ತಿದ್ದಿತು. ಹುಡುಗನು ನಿಲ್ಲಿಸಗೊಡಲಿಲ್ಲ. "ಆಮೇಲೆ ಜನವರೀಲಿ ಮೆಲ್ಬರ್ನಿನಲ್ಲಿ ಅವರು ಗೆದ್ದರಲ್ಲ ಸಾರ್, ಅದನ್ನೂ ಹೇಳಿ" ಎಂದನು. ಅದೂ ನಿಜವೇ. 2024ರ ಆರಂಭದಲ್ಲಿ ನಾಗಲರು ಆಸ್ಟ್ರೇಲಿಯದ ಮಹಾಪಂದ್ಯದ ಮೊದಲ ಸುತ್ತಿನಲ್ಲಿ ಶ್ರೇಯಾಂಕವುಳ್ಳ ಆಟಗಾರರೊಬ್ಬರನ್ನು ಸೋಲಿಸಿದರು. ಆ ಸೋತವರು ಬೇರೆ ಯಾರೂ ಅಲ್ಲ, ಸ್ವಲ್ಪ ಹೊತ್ತಿಗೆ ಮುಂಚೆ ನಾವು ಬೋಪಣ್ಣನವರ ಪಕ್ಕದಲ್ಲಿ ಕಂಡಿದ್ದ ಬುಬ್ಲಿಕ್ಕರೇ. ಮುಂದಿನ ತಿಂಗಳು ಚೆನ್ನೈಯಲ್ಲಿ ಗೆದ್ದು ಜಗತ್ತಿನ ಮೊದಲ ನೂರು ಮಂದಿಯ ಪಟ್ಟಿಯನ್ನು ನಾಗಲರು ಹೊಕ್ಕರು. 900 ಯೂರೋಗಳ ಕತೆಗೂ ನೂರರ ಪಟ್ಟಿಗೂ ನಡುವೆ ಆರು ತಿಂಗಳೂ ಇಲ್ಲ. ಹುಡುಗನಿಗೆ ಇವೆಲ್ಲ ಬಾಯಿಪಾಠವಾಗಿದ್ದುವು. ಅಮರಕೋಶವನ್ನು ಹೀಗೆ ಒಪ್ಪಿಸಿದ ಶಿಷ್ಯರು ನಮಗೆ ಹೆಚ್ಚಾಗಿ ದೊರೆಯಲಿಲ್ಲ.

ಕಟ್ಟಕಡೆಗೆ ನಾವು ಹೇಳಿದುದಿಷ್ಟು. ಹತ್ತನೆಯ ತರಗತಿಯ ವರೆಗೆ ಶಾಲೆಯನ್ನು ಬಿಡಿಸಬೇಡಿರಿ. ಹೊರ ಊರುಗಳ ಪಂದ್ಯಗಳನ್ನು ಕಡಮೆಮಾಡಿ, ಬೆಂಗಳೂರಿನಲ್ಲಿ ನಡೆಯುವುವನ್ನು ಒಂದೂ ಬಿಡದೆ ಆಡಿಸಿರಿ. ಎರಡು ವರ್ಷಗಳಾದ ಮೇಲೆ ಕಲಿಸುವವರ ಮಾತಿಗಿಂತ ಅವನ ಆಟವೇ ಹೆಚ್ಚು ಹೇಳೀತು. ಇದನ್ನು ಕೇಳಿ ತಂದೆಗೆ ಸಮಾಧಾನವಾಯಿತು; ಯಜಮಾನರಿಗೆ ಆಗಲಿಲ್ಲ. "ನೂಲು ಎಳೆಯದಾಗಿರುವಾಗಲೇ ಹುರಿ ಹಾಕಬೇಕು ಮೇಷ್ಟ್ರೇ" ಎಂದರು. ಕಸುಬು ಬಲ್ಲವರ ಮಾತಿಗೆ ಎದುರಾಡುವುದು ಕಷ್ಟ. ಅಷ್ಟರಲ್ಲಿ, ಅದುವರೆಗೆ ಒಳಗೆ ಅಡುಗೆಯ ಕೆಲಸದಲ್ಲಿದ್ದ ಸೊಸೆಯು ಬಾಗಿಲಿಗೆ ಬಂದು, "ಮಾವ, ಅವನ ಸರ್ವಿಸು ಚೆನ್ನಾಗಿದೆ, ಬಲಕ್ಕೆ ತಿರುಗಿಸಿ ಹೊಡೆಯೋದೂ ಚೆನ್ನಾಗಿದೆ. ಎಡಗಡೆಗೆ ಚೆಂಡು ಬಂದರೆ ಮಾತ್ರ ಹೆದರ್ತಾನೆ. ಹೋದ ವರ್ಷವೂ ಹೆದರ್ತಿದ್ದ. ಅದು ಹೋಗುವವರೆಗೂ ಸೈಟು ಇರಲಿ" ಎಂದಳು. ಐದು ವರುಷಗಳಿಂದ ಮಗನನ್ನು ಅಂಕಣಕ್ಕೆ ಕರೆದೊಯ್ದು ಕರೆತಂದವಳು ಅವಳೇ ಎಂಬುದು ಆಗ ನಮ್ಮ ನೆನಪಿಗೆ ಬಂದಿತು. ಅವಳನ್ನು ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹುಡುಗನು ತಲೆ ತಗ್ಗಿಸಿದನು. ಅಡಗಿಸಿಟ್ಟಿದ್ದುದು ಹೊರಬಿದ್ದವರ ಹಾಗೆ ಅವನ ಕಿವಿಗಳು ಕೆಂಪಾದುವು.

ನಿವೇಶನವು ಇನ್ನೂ ಇದೆ. ಹುಡುಗನು ಶಾಲೆಗೂ ಹೋಗುತ್ತಾನೆ. ಸಂಜೆಯ ಹೊತ್ತು ಈಗ ತಾಯಿಯ ಬದಲು ಯಜಮಾನರೇ ಅವನೊಡನೆ ಹೊರಡುವರು. ಮಾಗಡಿ ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಐದನೆಯ ನಿಲ್ದಾಣವೇ ಕಬ್ಬನ್ ಉದ್ಯಾನ. ಅಂಕಣದ ಬೇಲಿಯಾಚೆ ಒಂದು ಕಲ್ಲುಬೆಂಚಿನ ಮೇಲೆ ಅವರು ಕುಳಿತುಕೊಳ್ಳುವರು. ಬಯಲಾದುದರಿಂದ ವಾಹನಗಳ ಗದ್ದಲ, ಗಿಳಿಗಳ ಕೂಗು, ಎಲೆಗಳ ಸರಸರ ಎಲ್ಲವೂ ಸೇರಿ ಚೆಂಡಿನ ಸದ್ದು ಸರಿಯಾಗಿ ಸಿಕ್ಕುವುದಿಲ್ಲವೆಂದು ಅವರ ದೂರು. ಆದರೂ ಎಡಗಡೆಯ ಹೊಡೆತಗಳನ್ನು ಮಾತ್ರ ಎಣಿಸಿಕೊಂಡು ಬಂದು, ನಡುವಿಗೆ ಬಿದ್ದುವೆಷ್ಟು, ಅಂಚಿಗೆ ತಾಕಿದುವೆಷ್ಟು ಎಂಬುದನ್ನು ರಾತ್ರಿ ಸೊಸೆಗೆ ಒಪ್ಪಿಸುವರು. ಅವಳು ಅದನ್ನು ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲಿ ಬರೆದಿಡುತ್ತಾಳೆ.